ಕುರುಡು, ಕಿವುಡು, ಅಂಧಭಕ್ತ: ಯಾರ ಮಾತಿಗೆ ಕತ್ತರಿ?

(ಇಂಗ್ಲೆಂಡಿನಲ್ಲಿರುವ ಕನ್ನಡ ಬರಹಗಾರರ ವಾರ್ಷಿಕ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಮಾತುಗಳನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ನಾನು ಸದಸ್ಯಳಾಗಿರುವ ಓದುಕೂಟ ಎರಡು ವರ್ಷಗಳ ಹಿಂದೆ ಸದಸ್ಯರ ಬರಹಗಳ ಸಂಕಲನವೊಂದನ್ನು ಹೊರತಂದಿತು. ಅದಕ್ಕೆ ಮುನ್ನ ನಾವೊಂದು ಭಾಷಾ ನಿಯಮಾವಳಿಯನ್ನು ರೂಪಿಸಿಕೊಂಡಿದ್ದೆವು. ಜಾತಿಯ ಹೆಸರಿನ ಬೈಗುಳ, ಹೆಣ್ಣನ್ನು ಹೀಗಳೆಯುವ ಮಾತು, ಅಂಗವೈಕಲ್ಯವನ್ನು ಹಂಗಿಸುವ ಮಾತು ನಮ್ಮ ಸಭೆಗಳಲ್ಲಾಗಲಿ ಪ್ರಕಟಣೆಗಳಲ್ಲಾಗಲಿ ಇರಕೂಡದು ಎಂಬುದು ಅದರ ಸಾರ. ಸಂಪಾದಕ ಸಮಿತಿಯ ಸಂಚಾಲಕಿ ನಾನೇ. ಕೂಟದ ಹಿರಿಯ ಸದಸ್ಯರೊಬ್ಬರು, ರಾಯಚೂರು ಕಡೆಯವರು, ಇಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು, ತಮ್ಮ ಸೋದರಮಾವನ ಕುರಿತು ಎಂಟು ಪುಟಗಳ ಬರಹ ಕೊಟ್ಟರು. ಮಾವನಿಗೆ ಎಳವೆಯಲ್ಲಿ ಪೋಲಿಯೋ ಆಗಿತ್ತು. ಬರಹದ ಹೆಸರು 'ಕುಂಟ ಮಾವ'.

ನಾವು ಆ ಪದವನ್ನು ಬದಲಿಸಲು ಕೇಳಿದೆವು. ಶೀರ್ಷಿಕೆಯಲ್ಲಿ ಒಮ್ಮೆ, ಒಳಗೆ ಹದಿನೇಳು ಸಲ ಇದ್ದ 'ಕುಂಟ'ವನ್ನು 'ವಿಶೇಷಚೇತನ' ಎಂದು ತಿದ್ದಿ ಕಳಿಸಿಯೂಬಿಟ್ಟೆವು. ಅವರು ಫೋನು ಮಾಡಿದರು. "ಮೇಡಮ್ಮೋರ, ನಮ್ಮೂರಾಗ ನಮ್ಮ ಮಾವನ ಹೆಸರಿನೋರು ಐದು ಮಂದಿ ಇದ್ರು. ನೀವು ಬರದಿರೋ ಹೆಸರಿನ ಮನಷ್ಯಾ ಯಾರು ಅಂತ ನನಗ ಗೊತ್ತಾಗವಲ್ದು" ಎಂದರು. ನಾನು ನಿಯಮವನ್ನು ವಿವರಿಸಿದೆ. ಅವರು ವಾದ ಮಾಡಲಿಲ್ಲ. ಬರಹವನ್ನು ಹಿಂಪಡೆದರು, ಮುಂದಿನ ತಿಂಗಳಿನಿಂದ ಸಭೆಗೆ ಬರುವುದನ್ನೂ ನಿಲ್ಲಿಸಿದರು. ಸಂಕಲನ ಅವರಿಲ್ಲದೆ ಪ್ರಕಟವಾಯಿತು. ನಮಗೆ ಒಂದು ಕರ್ತವ್ಯ ಮುಗಿಸಿದ ಸಮಾಧಾನವಿತ್ತು ಎಂಬುದನ್ನೂ ಹೇಳಬೇಕು.

ನಮ್ಮ ಕೂಟದಲ್ಲಿ ಕಣ್ಣು ಕಾಣದ ಒಬ್ಬ ಯುವತಿ ಇದ್ದಾರೆ. ಮುದ್ರಣವಾದ ಬಳಿಕ ಸಂಕಲನದ ಕಡತವನ್ನು ಅವರು ಫೋನಿನ ಓದುವ ದನಿಯಲ್ಲಿ ಕೇಳಿಸಿಕೊಂಡರು. ಒಂದು ಸಂಜೆ ಸಭೆ ಮುಗಿದ ಮೇಲೆ ನನ್ನನ್ನು ನಿಲ್ಲಿಸಿ, "ಅಕ್ಕ, ನಿಮ್ಮ ಲೇಖನದಲ್ಲಿ 'ಅಂಧಭಕ್ತ' ಆರು ಸಲ ಬರುತ್ತದೆ, ಶೀರ್ಷಿಕೆಯೇ 'ಕಿವುಡು ಪ್ರಭುತ್ವ'. ಇದಕ್ಕೆ ನಿಯಮ ಅನ್ವಯಿಸುವುದಿಲ್ಲವೆ?" ಎಂದು ಕೇಳಿದರು. ದನಿಯಲ್ಲಿ ಕೋಪವೇನೂ ಇರಲಿಲ್ಲ. ಆ ಲೇಖನವನ್ನು ಸಮಿತಿಯ ಐವರೂ ಓದಿದ್ದೆವು, ಕರಡು ತಿದ್ದಿದ್ದೆವು, ಒಬ್ಬರ ಕಣ್ಣಿಗೂ ಅದು ಬಿದ್ದಿರಲಿಲ್ಲ. ಅನಂತರ ಅವರು ಇನ್ನೊಂದು ಮಾತು ಸೇರಿಸಿದರು. ಸಭೆಯಲ್ಲಿ ಆ ಹಿರಿಯರು 'ಕುಂಟ ಮಾವ'ನನ್ನು ಓದಿದ್ದನ್ನು ಅವರು ಕೇಳಿದ್ದರು. ಆ ಮಾವ ಎತ್ತು ಕೊಳ್ಳುತ್ತಾನೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ, ಬಾವಿ ತೋಡಿಸಿ ಸಾಲ ಮಾಡಿಕೊಳ್ಳುತ್ತಾನೆ, ಮಗಳ ಮದುವೆಯಲ್ಲಿ ಬೀಗರೊಡನೆ ಜಗಳಕ್ಕೆ ನಿಲ್ಲುತ್ತಾನೆ. "ನಿಮ್ಮ ಇಡೀ ಪುಸ್ತಕದಲ್ಲಿ ಅಂಗವಿಕಲ ಮನುಷ್ಯ ಅಂತ ಇದ್ದವನು ಅವನೊಬ್ಬನೇ. ಅವನನ್ನೇ ತೆಗೆದುಬಿಟ್ಟಿರಿ. ನಿಮ್ಮ ಲೇಖನದಲ್ಲಿ ಕುರುಡರು ಬರುವುದು ಬೈಗುಳವಾಗಿ ಮಾತ್ರ."

ಇಂದಿನ ನನ್ನ ಉಪನ್ಯಾಸವೆಲ್ಲ ಈ ಪ್ರಶ್ನೆಗೆ ಉತ್ತರ ಹುಡುಕುವ ಯತ್ನ. ನಿಯಮವೇ ಬೇಡ ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ಹಾಗೆನ್ನಲು ಕಾದಿರುವವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ನಿಯಮ ಯಾರ ಮೇಲೆ ಬಿತ್ತು, ಯಾರನ್ನು ಬಿಟ್ಟಿತು ಎಂಬುದನ್ನು ನೋಡೋಣ.

ಮೊದಲನೆಯದಾಗಿ ಈ ಕತ್ತರಿ ದೇಸಿ ಪದಗಳನ್ನು ಹಿಡಿಯಿತು, ಸಂಸ್ಕೃತದ ಪದಗಳನ್ನು ಬಿಟ್ಟಿತು. ಕುಂಟ, ಕುರುಡ, ಕಿವುಡ, ಮೂಗ, ಹೆಳವ ಎಂದರೆ ಅಸಭ್ಯ. ಅಂಧ, ಬಧಿರ, ಮೂಕ, ಪಂಗು ಎಂದರೆ ಸಭ್ಯ. ಈ ಸಭ್ಯತೆ ಎಲ್ಲಿಂದ ಬಂತು? ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿಲ್ಲದವರ ಪಟ್ಟಿ ಕೊಡುತ್ತದೆ: ಹುಟ್ಟು ಕುರುಡರು, ಹುಟ್ಟು ಕಿವುಡರು, ಹುಚ್ಚರು, ಮೂಗರು ಮೊದಲಾದವರು. ಅವರಿಗೆ ಅನ್ನ ಬಟ್ಟೆ ಕೊಟ್ಟರೆ ಸಾಕು ಎನ್ನುತ್ತದೆ. ಅಲ್ಲಿ ಬಳಕೆಯಾಗಿರುವುದು ಅಂಧ, ಬಧಿರ ಎಂಬ ಪದಗಳೇ. ಈ ನಿಷೇಧ ಕೇವಲ ಪುರಾತನ ಗ್ರಂಥದ ಸಂಗತಿಯಾಗಿ ಉಳಿಯಲಿಲ್ಲ. ಬ್ರಿಟಿಷರ ನ್ಯಾಯಾಲಯಗಳಲ್ಲಿ ಹಿಂದೂ ಕಾನೂನಾಗಿ ಜಾರಿಯಲ್ಲಿತ್ತು. 1928ರ ಒಂದು ಕಾಯ್ದೆ ಅದರ ಬಹುಭಾಗವನ್ನು ತೆಗೆದುಹಾಕಿತು. ಹುಟ್ಟಿನಿಂದ ಬುದ್ಧಿ ಸರಿಯಿಲ್ಲದವರೆಂದು ಎಣಿಸಲಾದವರನ್ನು ಆಗಲೂ ಹೊರಗೇ ಉಳಿಸಿತು. ಆ ಕೊನೆಯ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದ. ಹೊಲದ ಪಾಲನ್ನು ಕಿತ್ತುಕೊಂಡ ಪದವನ್ನು ನಾವು ಗೌರವದ ಪದವೆಂದು ಬಗೆದೆವು. ಹೊಲದಲ್ಲಿ ಕೂಗಿ ಕರೆಯುತ್ತಿದ್ದ ಪದಕ್ಕೆ ಕತ್ತರಿ ಹಾಕಿದೆವು. ನಿಯಮ ಮಾಡಿದ ಐವರಲ್ಲಿ ಬಸ್ಸು ಓಡಿಸಿದವರು ಒಬ್ಬರೂ ಇರಲಿಲ್ಲ ಎಂಬುದಕ್ಕೂ ಇದಕ್ಕೂ ಸಂಬಂಧವಿದೆ.

ನಾವು ಬದಲಿಗೆ ಇಟ್ಟ ಪದವೂ ಹಾಗೇ. ಕನ್ನಡದಲ್ಲಿ ಮೊದಲು 'ಅಂಗವಿಕಲ' ಎನ್ನುತ್ತಿದ್ದೆವು. ಅದು ಒರಟೆನಿಸಿ 'ವಿಕಲಚೇತನ' ಬಂತು. ಕರ್ನಾಟಕ ಸರ್ಕಾರದ ಇಲಾಖೆಯ ಹೆಸರಿನಲ್ಲೇ ಅದು ಸೇರಿದೆ. ತುಸು ನಿಂತು ಬಿಡಿಸಿ ನೋಡಿ. ಅಂಗವಿಕಲ ಎಂದರೆ ಕೊರತೆ ಅಂಗದಲ್ಲಿದೆ ಎಂದಷ್ಟೇ ಅರ್ಥ. ವಿಕಲಚೇತನ ಎಂದಾಗ ಕೊರತೆ ಚೇತನಕ್ಕೇ ಅಂಟಿತು. ಮರ್ಯಾದೆ ಕೊಡುವ ಭರದಲ್ಲಿ ಕಾಲಿನ ಊನವನ್ನು ಆತ್ಮಕ್ಕೆ ವರ್ಗಾಯಿಸಿದ್ದೇವೆ! ಈ ಕಾರಣಕ್ಕೋ ಏನೋ ಈಚೆಗೆ 'ವಿಶೇಷಚೇತನ' ಓಡಾಡುತ್ತಿದೆ. ದೆಹಲಿಯಿಂದ ಬಂದದ್ದು 'ದಿವ್ಯಾಂಗ'. 2015ರ ಡಿಸೆಂಬರಿನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ಆ ಪದವನ್ನು ಸೂಚಿಸಿದರು. ಮರುವರ್ಷ ಕೇಂದ್ರದ ಇಲಾಖೆಯ ಹಿಂದಿ ಹೆಸರಿಗೆ ಅದು ಸೇರಿತು. ಅಂಗವಿಕಲರ ಹಕ್ಕುಗಳ ರಾಷ್ಟ್ರೀಯ ವೇದಿಕೆಯಂಥ ಸಂಘಟನೆಗಳು ಆಗಲೇ ವಿರೋಧಿಸಿದವು. ದಿವ್ಯತೆ ಬೇಡ, ಇಳಿಜಾರು ಹಾದಿ ಬೇಕು, ಶಾಲೆ ಬೇಕು, ಕೆಲಸ ಬೇಕು ಎಂಬ ಧಾಟಿಯ ವಿರೋಧವದು. ದೈವತ್ವದ ಪದವಿ ಕೊಟ್ಟು ಬಾಗಿಲಾಚೆ ನಿಲ್ಲಿಸುವ ಕಲೆ ನಮ್ಮ ನಾಡಿಗೆ ಹೊಸದಲ್ಲ. 'ಹರಿಜನ' ಎಂಬ ಪದದ ಕಥೆ ಈ ಸಭೆಯಲ್ಲಿರುವವರಿಗೆ ಹೇಳಬೇಕಾಗಿಲ್ಲ.

ಪದ ಬದಲಾದರೆ ತಿರಸ್ಕಾರ ಹೊಸ ಪದಕ್ಕೆ ಗುಳೆ ಹೋಗುತ್ತದೆ. ನಾವು ಚಿಕ್ಕವರಿದ್ದಾಗ 'ಹುಚ್ಚಾಸ್ಪತ್ರೆ' ಎಂಬುದು ಬೈಗುಳ. ಬೆಂಗಳೂರಿನ ಹಳೆಯ ಮಾನಸಿಕ ಆಸ್ಪತ್ರೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಹುಚ್ಚು ಎಂಬ ಸುಳಿವೇ ಇಲ್ಲದ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿದ ಹೆಸರು. ಇಂದು "ಇವನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು" ಎನ್ನುವುದು ನಮ್ಮ ರಾಜಕಾರಣಿಗಳ ಬಾಯಲ್ಲೂ ನಲಿದಾಡುವ ಮಾತು. ನಾವಿರುವ ಈ ದೇಶದಲ್ಲೂ ಇಂಥದೇ ನಡೆದಿದೆ. 1952ರಲ್ಲಿ ಮಿದುಳಿನ ಪಾರ್ಶ್ವವಾಯು ಇದ್ದ ಮಕ್ಕಳಿಗಾಗಿ ಹುಟ್ಟಿದ ಸಂಸ್ಥೆ 'ಸ್ಪಾಸ್ಟಿಕ್ಸ್ ಸೊಸೈಟಿ' ಎಂದು ವೈದ್ಯಕೀಯ ಪದವನ್ನೇ ಹೆಸರಾಗಿಸಿಕೊಂಡಿತು. ಶಾಲೆಯ ಅಂಗಳಗಳಲ್ಲಿ ಅದು ಬೈಗುಳವಾಗಿ, 1994ರಲ್ಲಿ ಸಂಸ್ಥೆ ತನ್ನ ಹೆಸರನ್ನು 'ಸ್ಕೋಪ್' ಎಂದು ಬದಲಿಸಿಕೊಳ್ಳಬೇಕಾಯಿತು. ಆದರೆ ಬೆಂಗಳೂರಿನಲ್ಲಿ 'ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ' ಎಂಬ ಹೆಸರು ಮಕ್ಕಳ ಸೇವೆಯ ಹೆಸರಾಗಿಯೇ ಜನರಿಗೆ ಪರಿಚಿತ. ನಮ್ಮ ಬೀದಿಗಳಲ್ಲಿ ಆ ಪದವನ್ನು ಬೈಗುಳವಾಗಿ ಯಾರೂ ಕಲಿತೇ ಇಲ್ಲ. 2022ರಲ್ಲಿ ಅಮೆರಿಕದ ಇಬ್ಬರು ಪ್ರಸಿದ್ಧ ಗಾಯಕಿಯರು ತಮ್ಮ ಹಾಡುಗಳಿಂದ ಇದೇ ಪದದ ಮೊಟಕು ರೂಪವನ್ನು ತೆಗೆದರು. ಅಮೆರಿಕದಲ್ಲಿ ಹಗುರವಾಗಿ ಓಡಾಡುವ ಆ ಪದ ಇಲ್ಲಿ ಬ್ರಿಟನ್ನಿನಲ್ಲಿ, ಆಸ್ಟ್ರೇಲಿಯಾದಲ್ಲಿ ಗಾಯ ಮಾಡುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕೇಳಿದರು, ತಿದ್ದಿಕೊಂಡರು, ಹಾಡು ಮುಂದುವರಿಯಿತು. ಯಾರನ್ನೂ ಕೂಟದಿಂದ ಹೊರಹಾಕಬೇಕಾಗಲಿಲ್ಲ.

ಪದಪಟ್ಟಿ ಹಿಡಿದು ಕೂತರೆ ಇನ್ನೂ ಏನೇನಾಗುತ್ತದೆ ಎಂದು ಒಂದು ಮಧ್ಯಾಹ್ನ ಲೆಕ್ಕ ಹಾಕಿದೆ. 'ಹೆಳವ' ನಿಷಿದ್ಧವೆಂದರೆ ಹದಿನೆಂಟನೆಯ ಶತಮಾನದ ಹರಿದಾಸ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮನಿಗೆ ನಮ್ಮ ಸಂಕಲನದಲ್ಲಿ ಪ್ರವೇಶವಿಲ್ಲ. ಎತ್ತಿನ ಮೇಲೆ ಊರೂರು ಸುತ್ತಿ ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತ ಬಂದ ಹೆಳವ ಸಮುದಾಯಕ್ಕೂ ಇಲ್ಲ. ತಮ್ಮ ಮೂಲಪುರುಷ ಕಾಲಿಲ್ಲದವನು, ಎತ್ತನ್ನೇರಿ ಸಂಚರಿಸಿದವನು ಎಂದು ಅವರೇ ಹೇಳಿಕೊಳ್ಳುತ್ತಾರೆ. 'ಹುಚ್ಚು' ನಿಷಿದ್ಧವೆಂದರೆ ಹುಚ್ಚಮ್ಮ, ಹುಚ್ಚಪ್ಪಂದಿರು ಎಲ್ಲಿ ಹೋಗಬೇಕು? ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ಇಂಥ ಹೆಸರಿಡುತ್ತಿದ್ದರು. ಆ ಹೆಸರಿನಲ್ಲಿರುವುದು ತಾಯಿಯ ಭಯ. ಇನ್ನು ಹುಚ್ಚೆಳ್ಳಿನ ಚಟ್ನಿಪುಡಿ, ಕುಂಟೆ ಹೊಡೆಯುವ ರೈತ, ಕುಂಟಬಿಲ್ಲೆ ಆಡುವ ಹುಡುಗಿಯರು, ಮುಳಬಾಗಿಲಿನ ಪಕ್ಕದ ಕುರುಡುಮಲೆ ಗಣಪತಿ. ನಗು ಬರುತ್ತದೆ ನಿಜ. ಆದರೆ ಪದವನ್ನು ಅದರ ಸಂದರ್ಭದಿಂದ ಕಿತ್ತು ತೂಗುವ ಅಭ್ಯಾಸದ ಕೊನೆ ಇಲ್ಲಿಯೇ.

ಹಾಗಾದರೆ ಎಲ್ಲವೂ ಸಂದರ್ಭ, ಯಾರು ಏನು ಬೇಕಾದರೂ ಅನ್ನಬಹುದೆ? ಇಲ್ಲ. "ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ" ಎಂಬ ಗಾದೆಯನ್ನು ನಮ್ಮ ಪ್ರಗತಿಪರ ವೇದಿಕೆಗಳಲ್ಲೇ ನಗುನಗುತ್ತ ಹೇಳುವುದನ್ನು ಕೇಳಿದ್ದೇನೆ. ಮಾನಸಿಕ ಕಾಯಿಲೆಯ ಹೆಣ್ಣು, ಗಂಡ ಸತ್ತ ಹೆಣ್ಣು, ಅವಳ ಮದುವೆ ಎಂಬ ಅಪಹಾಸ್ಯ, ಅದರಲ್ಲಿ ಉಂಡು ತೇಗುವ ಗಂಡಸಿನ ಜಾಣತನ: ಇಷ್ಟೊಂದು ಕ್ರೌರ್ಯ ನಾಲ್ಕೇ ಪದಗಳಲ್ಲಿದೆ. ಇದನ್ನು ಕತ್ತರಿಸಲು ನನಗೆ ಯಾವ ಹಿಂಜರಿಕೆಯೂ ಇಲ್ಲ. "ಕುಂಟನಿಗೆ ಎಂಟು ಚೇಷ್ಟೆ" ಎಂದು ಎದುರಿಗಿರುವ ಮನುಷ್ಯನಿಗೆ ಅಂದರೆ ಅದು ಭಾಷೆಯ ಸೊಗಡು ಎಂದು ನಾನು ಸಮರ್ಥಿಸಲಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೆಯ ಕಲಮಿನ ಪ್ರಕಾರ ಸಾರ್ವಜನಿಕರ ಕಣ್ಣೆದುರು ಅಂಗವಿಕಲ ವ್ಯಕ್ತಿಯನ್ನು ಉದ್ದೇಶಪೂರ್ವಕವಾಗಿ ಅವಮಾನಿಸಿದರೆ ಆರು ತಿಂಗಳಿನಿಂದ ಐದು ವರ್ಷದವರೆಗೆ ಸೆರೆವಾಸವಿದೆ. ಗಮನಿಸಿ, ಆ ಕಲಮಿನಲ್ಲಿ ಪದಪಟ್ಟಿ ಇಲ್ಲ. ಉದ್ದೇಶ, ಎದುರಿಗಿರುವ ವ್ಯಕ್ತಿ, ಆದ ಅವಮಾನ, ಇಷ್ಟನ್ನು ಅದು ನೋಡುತ್ತದೆ. 2024ರ ಜುಲೈ 8ರಂದು ಸುಪ್ರೀಂ ಕೋರ್ಟು ನಿಪುಣ್ ಮಲ್ಹೋತ್ರಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹಿಂದಿ ಚಲನಚಿತ್ರವೊಂದು ಅಂಗವಿಕಲರನ್ನು ಗೇಲಿ ಮಾಡಿದೆ ಎಂಬ ದೂರು ಅದು. ಅಂಗವೈಕಲ್ಯವನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದು ನ್ಯಾಯಾಲಯ ಗೆರೆ ಎಳೆಯಿತು. ಚಿತ್ರಣ ಹೇಗಿರಬೇಕೆಂಬುದಕ್ಕೆ ಮಾರ್ಗಸೂಚಿ ಕೊಟ್ಟಿತು. ಅಂಗವಿಕಲರನ್ನು ಕೇಳದೆ ಅವರ ಬಗ್ಗೆ ತೀರ್ಮಾನಿಸಬಾರದು ಎಂಬ ತತ್ವವನ್ನು ಮುಂದಿಟ್ಟಿತು. ಆ ಚಿತ್ರಕ್ಕೆ ಮಾತ್ರ ಕತ್ತರಿ ಹಾಕಲಿಲ್ಲ. ನ್ಯಾಯಾಲಯಕ್ಕೆ ಇದ್ದ ಈ ತಾಳ್ಮೆ ನಮ್ಮ ಐವರ ಸಮಿತಿಗೆ ಇರಲಿಲ್ಲ.

ಈಗ ನನ್ನ ಲೇಖನದ ವಿಷಯ. 'ಕಿವುಡು ಪ್ರಭುತ್ವ', 'ಕುರುಡು ಸರ್ಕಾರ', 'ಅಂಧಭಕ್ತ', 'ಧೃತರಾಷ್ಟ್ರ ಆಡಳಿತ': ನಮ್ಮಂಥವರ ಬರಹದ ದಿನಸಿ ಇವು. ಯಾರನ್ನೂ ನೇರವಾಗಿ ಬೈಯುವುದಿಲ್ಲವಲ್ಲ, ಇದು ರೂಪಕವಲ್ಲವೆ ಎಂದು ನಾನೂ ಮೊದಲು ವಾದಿಸಿದೆ. ಆಗ ಆ ಯುವತಿ ಹೇಳಿದ ಮಾತು ನನ್ನ ವಾದವನ್ನು ರಾಜಕೀಯವಾಗಿಯೇ ಕೆಡವಿತು. "ನನಗೆ ಕಾಣುವುದಿಲ್ಲ, ಅದಕ್ಕೇ ಕೇಳುತ್ತೇನೆ, ಮುಟ್ಟಿ ತಿಳಿಯುತ್ತೇನೆ, ಕೋಲು ಆಡಿಸಿ ದಾರಿ ಹುಡುಕುತ್ತೇನೆ. ನಿಮ್ಮ ಸರ್ಕಾರಕ್ಕೆ ಎಲ್ಲ ಕಾಣುತ್ತದೆ. ನೋಡಿಯೂ ಮಾಡುವುದಿಲ್ಲ. ಅದನ್ನು ಕುರುಡು ಅಂದರೆ ಅದಕ್ಕೊಂದು ನೆಪ ಕೊಟ್ಟಂತಲ್ಲವೆ?" ಕಣ್ಣುಮುಚ್ಚಿ ಕುಳಿತ ಸರ್ಕಾರ ಎನ್ನಿ, ಅಲ್ಲಿ ಆಯ್ಕೆಯಿದೆ, ಹೊಣೆಯಿದೆ. ಕುರುಡು ಎಂದಾಗ ಹೊಣೆ ಕಳಚಿಹೋಗುತ್ತದೆ. ಕೇಳಿಸಿಕೊಳ್ಳಲು ನಿರಾಕರಿಸಿದ ಸಚಿವನಿಗೂ ಕೇಳಿಸದ ಮಗುವಿಗೂ ಒಂದೇ ಪದ ಬಳಸುವ ವಿಶ್ಲೇಷಣೆ ವಿಶ್ಲೇಷಣೆಯೇ ಅಲ್ಲ. ಹಳೆಯ ಗಾದೆಗಾರರು ಎಷ್ಟೋ ಮೇಲು. ಕೋಣನ ಮುಂದೆ ಕಿನ್ನರಿ ಎಂದರು, ಕೋಣ ತಕರಾರು ತೆಗೆಯುವುದಿಲ್ಲ.

ಬೇಂದ್ರೆಯವರ 'ಕುರುಡು ಕಾಂಚಾಣ'ವನ್ನು ಏನು ಮಾಡೋಣ ಎಂದು ಯಾರೋ ಕೇಳಿಯೇ ಕೇಳುತ್ತಾರೆ. ಹಾಡೋಣ. ಹಾಡಿದ ಮೇಲೆ, ಹಣಕ್ಕೆ ನಿಜಕ್ಕೂ ಕಣ್ಣಿಲ್ಲವೋ ಅಥವಾ ಯಾರನ್ನು ತುಳಿಯುತ್ತಿದ್ದೇನೆಂದು ಅದಕ್ಕೆ ಚೆನ್ನಾಗಿ ಗೊತ್ತಿದೆಯೋ ಎಂದು ಚರ್ಚೆಯನ್ನೂ ಮಾಡೋಣ. ಕಾವ್ಯವನ್ನು ತಿದ್ದುವುದು ನನ್ನ ಪ್ರಕಾರ ಸಂಪಾದಕ ಸಮಿತಿಯ ಕೆಲಸವಲ್ಲ. ಇಂದು ಬರೆಯುವ ನನ್ನ ಗದ್ಯಕ್ಕೆ ಆ ರಿಯಾಯಿತಿಯನ್ನು ನಾನು ಕೇಳಲಾರೆ.

ಇನ್ನೊಂದು ಕಷ್ಟದ ಸಂಗತಿ: ಅಂಗವಿಕಲರೆಲ್ಲರೂ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಅಂಧರ ರಾಷ್ಟ್ರೀಯ ಒಕ್ಕೂಟ 1993ರಲ್ಲೇ ಒಂದು ಠರಾವು ಮಾಡಿ, ಕುರುಡು ಎಂಬ ಪದವನ್ನು ಸುತ್ತಿಬಳಸಿ ಹೇಳುವ ನಯದ ಭಾಷೆಯನ್ನು ವಿರೋಧಿಸಿತು. ನಾಚಿಕೆಪಡುವ ಸಂಗತಿ ಅದಲ್ಲ, ನೇರ ಹೇಳಿ ಎಂಬುದು ಅವರ ನಿಲುವು. ಸಂಜ್ಞೆ ಭಾಷೆಯಾಡುವ ಅನೇಕರಿಗೆ 'ಕಿವುಡರು' ಎಂಬುದು ಹೆಮ್ಮೆಯ ಗುರುತು. ತಮಗೆ ಭಾಷೆಯಿರುವಾಗ 'ಮೂಕ' ಎನ್ನುವುದೇ ಅವರಿಗೆ ಅವಮಾನ. ಬ್ರಿಟನ್ನಿನ ಚಳವಳಿಗಾರರು ಸಮಾಜವೇ ತಮ್ಮನ್ನು ಅಶಕ್ತಗೊಳಿಸಿದೆ ಎಂಬ ಅರ್ಥದಲ್ಲಿ ಒಂದು ಪದ ಬಳಸಿದರೆ, ಅಮೆರಿಕದವರು ವ್ಯಕ್ತಿಯನ್ನು ಮುಂದಿಟ್ಟು ಇನ್ನೊಂದು ಬಳಸುತ್ತಾರೆ. ನಮ್ಮ ಕೂಟದಲ್ಲಿ ಎರಡೂ ದೇಶಗಳಲ್ಲಿ ಓದಿದವರಿದ್ದು, ಪರಸ್ಪರರನ್ನು ತಿದ್ದುವುದರಲ್ಲೇ ಒಮ್ಮೆ ಒಂದು ಸಂಜೆ ಕಳೆದಿದೆ. ಕನ್ನಡದ ಅಂಗವಿಕಲರು ಏನನ್ನುತ್ತಾರೆ ಎಂದು ಆ ಸಂಜೆ ಯಾರೂ ಕೇಳಲಿಲ್ಲ.

ಕೇಳುವುದರಲ್ಲೂ ಒಂದು ಅಪಾಯವಿದೆ. ಕಳೆದ ವರ್ಷ ಸಭೆಯಲ್ಲಿ ಒಬ್ಬರು ತಮ್ಮ ಕವಿತೆಯಲ್ಲಿ ತಮ್ಮನ್ನೇ 'ಹುಚ್ಚಿ' ಎಂದು ಕರೆದುಕೊಂಡರು. ಸಮಿತಿಯ ಸದಸ್ಯರೊಬ್ಬರು, ಹಾಗೆ ಕರೆದುಕೊಳ್ಳುವ ಹಕ್ಕು ನಿಮಗಿದೆಯೆ ಎಂದು ಕೇಳಿದರು. ಅಂದರೆ, ನಿಮಗೆ ಕಾಯಿಲೆ ಇದೆಯೆ? ಆಕೆ ಸುಮ್ಮನಾದರು. ಆಮೇಲೆ ನನಗೊಬ್ಬಳಿಗೇ ಹೇಳಿದರು. ಏನು ಹೇಳಿದರೆಂಬುದನ್ನು ನಾನು ಇಲ್ಲಿ ಹೇಳಬೇಕಾಗಿಲ್ಲ. ನಮ್ಮ ಊರಿನ ತಾಲೂಕು ಕಚೇರಿಗಳಲ್ಲಿ ಪಿಂಚಣಿಗಾಗಿ ಜನ ಶೇಕಡಾವಾರು ಬರೆದ ಪ್ರಮಾಣಪತ್ರ ಹಿಡಿದು ಸಾಲು ನಿಲ್ಲುತ್ತಾರೆ. ಕವಿತೆ ಓದಲೂ ಆ ಸಾಲಿನಲ್ಲಿ ನಿಲ್ಲಬೇಕೆ? ನೋವನ್ನು ಬಯಲುಮಾಡದವರಿಗೆ ಮಾತಿನ ಹಕ್ಕಿಲ್ಲ ಎನ್ನುವ ನಿಯಮ, ಅಂಗವಿಕಲರನ್ನು ಕಾಪಾಡುವ ಹೆಸರಿನಲ್ಲಿ ಅವರನ್ನೇ ವಿಚಾರಣೆಗೆ ನಿಲ್ಲಿಸುತ್ತದೆ.

ಆದ್ದರಿಂದ ನಮ್ಮ ನಿಯಮಾವಳಿಯನ್ನು ಹಳೆಯ ಪದಪಟ್ಟಿ ಬಿಟ್ಟು ಮತ್ತೆ ಬರೆದೆವು. ಎದುರಿಗಿರುವ ಮನುಷ್ಯನ ಮೇಲೆ ಎಸೆದ ಮಾತಾದರೆ ಅಲ್ಲಿಯೇ ತಡೆಯುತ್ತೇವೆ, ಎಸೆದವರು ಎಷ್ಟೇ ದೊಡ್ಡ ಲೇಖಕರಾಗಲಿ. ಬರಹದ ಪದವಾದರೆ ಮೊದಲು ಬರೆದವರನ್ನು ಕರೆದು ಮಾತಾಡುತ್ತೇವೆ. ನಾವೇ ತಿದ್ದಿ ಕಳಿಸುವುದಿಲ್ಲ. ಆಕ್ಷೇಪಿಸಿದವರು ತಮ್ಮ ವೈಯಕ್ತಿಕ ಸ್ಥಿತಿಯನ್ನು ಹೇಳಬೇಕಿಲ್ಲ, ಬರೆದವರೂ ಹೇಳಬೇಕಿಲ್ಲ. ಸಮಿತಿಯ ಸದಸ್ಯರ ಬರಹವನ್ನು ಸಮಿತಿಗೆ ಹೊರಗಿನವರು ನೋಡುತ್ತಾರೆ. ಈ ಕೊನೆಯದಕ್ಕೆ ಅತಿ ಹೆಚ್ಚು ವಿರೋಧ ಬಂತು, ಅದೂ ಸಮಿತಿಯೊಳಗಿಂದಲೇ. ಸಮಿತಿಯಲ್ಲೀಗ ಆ ಯುವತಿ ಇದ್ದಾರೆ. ಎಲ್ಲ ಅಂಗವಿಕಲರ ಪರವಾಗಿ ಉತ್ತರಿಸುವುದು ತಮ್ಮ ಕೆಲಸವಲ್ಲ, ಲೆಕ್ಕಪತ್ರ ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬಂದರು.

'ಕುಂಟ ಮಾವ'ನ ವಿಷಯದಲ್ಲಿ ನಾನು ಹಿರಿಯರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಚಹಾ ಕೊಟ್ಟರು, ಬರಹದ ಮಾತೆತ್ತಲಿಲ್ಲ. ನಾನು ಬರಹವನ್ನು ಎರಡನೆಯ ಮುದ್ರಣಕ್ಕೆ ಇದ್ದಂತೆಯೇ ಹಾಕಲು ಸಿದ್ಧಳಿದ್ದೆ. ಅದಕ್ಕೆ ತಡೆ ಹಾಕಿದ್ದು ಆ ಯುವತಿಯೇ. "ಊರೆಲ್ಲ ಹಾಗೆ ಕರೆಯುತ್ತಿತ್ತು ಅಂದ ಮಾತ್ರಕ್ಕೆ ಅವರಿಗೆ ಅದು ಇಷ್ಟವಿತ್ತು ಅಂತಲ್ಲ. ಯಾರಾದರೂ ಕೇಳಿದ್ದರೆ?" ಎಂದರು. ಈ ಪ್ರಶ್ನೆಯನ್ನು ನಾನು ಅಳುಕುತ್ತಲೇ ಹಿರಿಯರಿಗೆ ದಾಟಿಸಿದೆ. ಫೋನಿನ ಆಚೆ ಬಹಳ ಹೊತ್ತು ಮಾತಿರಲಿಲ್ಲ. ಮಾವ ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ಮಾವನ ಮಗಳು ಊರಲ್ಲಿದ್ದಾಳೆ, ಕೇಳುತ್ತೇನೆ ಎಂದರು.

ಹದಿನೈದು ದಿನಗಳ ಮೇಲೆ ಅಂಚೆಯಲ್ಲಿ ಕೈಬರಹದ ಹತ್ತು ಪುಟ ಬಂತು. ಮಾವನ ಮಗಳು ಹೇಳಿದ್ದನ್ನು ಸೇರಿಸಿ ಮತ್ತೆ ಬರೆದಿದ್ದರು. ಹೊರಗಿನವರು ಯಾರಾದರೂ ಕುಂಟ ಎಂದರೆ ಮಾವ ಊರುಗೋಲು ಬೀಸುತ್ತಿದ್ದನಂತೆ. ಒಮ್ಮೆ ಒಬ್ಬನ ಹಲ್ಲು ಹೋಗಿತ್ತಂತೆ. ಹಾಗೆ ಕರೆಯಬಹುದಾಗಿದ್ದವಳು ಅಕ್ಕ ಒಬ್ಬಳೇ, ಅಂದರೆ ನಮ್ಮ ಹಿರಿಯರ ತಾಯಿ. ಅವಳು ಕರೆದರೆ "ಬಂದ್ನೆಬೇ" ಎಂದು ಓಗೊಡುತ್ತಿದ್ದ. ಹೊಸ ಬರಹದ ಹೆಸರು 'ಮಾವ'. ಒಳಗೆ ಆ ಪದ ಮೂರು ಕಡೆ ಇದೆ: ಎರಡು ಸಲ ತಾಯಿಯ ಬಾಯಲ್ಲಿ, ಒಂದು ಸಲ ಹಲ್ಲು ಕಳೆದುಕೊಂಡವನ ಬಾಯಲ್ಲಿ. ಪುಟಗಳ ಜೊತೆಗಿದ್ದ ಚೀಟಿಯಲ್ಲಿ, ಕಾಗುಣಿತ ಬಿಟ್ಟು ಬೇರೇನನ್ನೂ ಮುಟ್ಟಬಾರದು ಎಂದು ಬರೆದಿತ್ತು. ನಾವು ಮುಟ್ಟಿಲ್ಲ. ಅವರಿನ್ನೂ ಸಭೆಗೆ ಬರುತ್ತಿಲ್ಲ. ನನ್ನ ಲೇಖನದ ಶೀರ್ಷಿಕೆ ಎರಡನೆಯ ಮುದ್ರಣದಲ್ಲಿ 'ಕಿವಿಗೊಡದ ಪ್ರಭುತ್ವ' ಎಂದಾಗಿದೆ. ಮೊದಲ ಮುದ್ರಣದ ಕೆಲವು ಪ್ರತಿಗಳು ಇಂದು ಹೊರಗಿನ ಮೇಜಿನ ಮೇಲೂ ಇವೆ, ಹಳೆಯ ಶೀರ್ಷಿಕೆಯೊಂದಿಗೆ.